ಅಪ್‌ಡೇಟ್: ತೋಟದಲ್ಲಿ ಸಿಕ್ಕಿದ್ದು ಪಳೆಯುಳಿಕೆ ಅಲ್ಲವಂತೆ

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದ ಕಲ್ಲಿನಲ್ಲಿ ಜರೀಗಿಡದ ಅಚ್ಚಿದೆ, ಹೇಗೆ ತೊಳೆಯಲಿ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಅದು ಗಿಡವೇ ಅಲ್ಲ. ನೀವು ಹೇಳಿದಂತೆ ಲೆನ್ಸ್ ಹಿಡಿದು ನೋಡಿದೆ. ನಡುವೆ ದಂಟಿಲ್ಲ, ಎಲೆಯ ನರವಿಲ್ಲ. ಕಪ್ಪು ಕವಲುಗಳೆಲ್ಲ ಬಿರುಕಿನಿಂದಲೇ ಹೊರಟಿವೆ. ಬಿರುಕಿಗಿಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಖನಿಜ ಅದು; ಹೀಗೆ ಗಿಡದಂತೆ ಕವಲೊಡೆದ ಗುರುತಿಗೆ ಡೆಂಡ್ರೈಟ್ ಅಂತಾರೆ. ಬಾಬಾಬುಡನ್ ಸಾಲಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಆಗ ಜರೀಗಿಡ ಎಲ್ಲಿಂದ ಬರಬೇಕು!

ಇನ್ನು ಅಣ್ಣ ಕೊಟ್ಟ, ತಮಿಳುನಾಡಿನ ಅರಿಯಲೂರಿನ ಅಮೋನೈಟ್, ಅಂದರೆ ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ. ತೊಳೆಯೋಕೆ ವಿನೆಗರ್ ಬೇಡ ಅಂದಿದ್ದಿರಿ, ನಾನು ಕೇಳಲಿಲ್ಲ. ಬುರುಬುರು ನೊರೆ ಎದ್ದು ಒಂದು ಕಡೆಯ ಗೆರೆಗಳೇ ಮಾಯ. ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ಈಗ ಬರೀ ನೀರು, ಹಳೇ ಟೂತ್‌ಬ್ರಷ್, ಬಿದಿರು ಕಡ್ಡಿ.

ಅಮ್ಮ ಮಾತ್ರ ಡೆಂಡ್ರೈಟನ್ನು ಟಿವಿ ಪಕ್ಕ ಇಟ್ಟು, ಬಂದವರಿಗೆಲ್ಲ ಪಳೆಯುಳಿಕೆ ಅಂತಲೇ ತೋರಿಸುತ್ತಿದ್ದಾರೆ.