ಉಬುಂಟು 24.04ರಲ್ಲಿ ಆ್ಯಪ್‌ಇಮೇಜ್ ತೆರೆಯುವಾಗ ಲೈಬ್ರರಿ ಇಲ್ಲವೆಂಬ ದೋಷ

ಪ್ರಶ್ನೆ:
ನಮಸ್ಕಾರ. ಉಬುಂಟು 24.04 ಹಾಕಿಕೊಂಡ ಮೇಲೆ, ಹಿಂದೆ ಸರಿಯಾಗಿ ನಡೆಯುತ್ತಿದ್ದ ಆ್ಯಪ್‌ಇಮೇಜ್ (ಅನುಸ್ಥಾಪಿಸದೆಯೇ ನೇರವಾಗಿ ಚಲಾಯಿಸಬಹುದಾದ, ಒಂದೇ ಕಡತದಲ್ಲಿರುವ ತಂತ್ರಾಂಶ) ಕಡತದ ಮೇಲೆ ಎಷ್ಟು ಬಾರಿ ಕ್ಲಿಕ್ ಮಾಡಿದರೂ ಏನೂ ತೆರೆದುಕೊಳ್ಳುತ್ತಿಲ್ಲ. ಟರ್ಮಿನಲ್‌ನಿಂದ ಚಲಾಯಿಸಿದಾಗ ‘ಲಿಬ್‌ಫ್ಯೂಸ್.ಎಸ್‌ಒ.2’ ಎಂಬ ಲೈಬ್ರರಿ ಸಿಗುತ್ತಿಲ್ಲ ಎಂಬ ಸಾಲು ಬರುತ್ತದೆ. ಕಡತವ್ಯವಸ್ಥೆಗಳನ್ನು ಮೌಂಟ್ ಮಾಡಲು ನೆರವಾಗುವ ‘ಫ್ಯೂಸ್’ ತಂತ್ರಾಂಶದ ಮೂರನೆಯ ಆವೃತ್ತಿ, ಫ್ಯೂಸ್3, ಈಗಾಗಲೇ ಇದೆಯಲ್ಲ, ಅದು ಸಾಲದೇ?

ಉತ್ತರ 1:
ಸಾಲದು. ಹೆಸರಿನ ಕೊನೆಯ ಅಂಕಿಯನ್ನು ಗಮನಿಸಿ: ಹಳೆಯ ಆ್ಯಪ್‌ಇಮೇಜ್‌ಗಳು ತಮ್ಮೊಳಗಿನ ಕಡತಗಳನ್ನು ಮೌಂಟ್ ಮಾಡಿಕೊಳ್ಳಲು (ಅಂದರೆ ಡಿಸ್ಕಿನಂತೆ ಜೋಡಿಸಿ ಓದಲು) ಫ್ಯೂಸ್‌ನ ಎರಡನೆಯ ಆವೃತ್ತಿಯನ್ನೇ ಹುಡುಕುತ್ತವೆ, ಆದರೆ 22.04ರಿಂದ ಈಚೆಗೆ ಉಬುಂಟು ಅದನ್ನು ತಾನಾಗಿ ಅನುಸ್ಥಾಪಿಸುವುದಿಲ್ಲ. ನಿಮ್ಮಲ್ಲಿ ಬೇಕಾದ ಪ್ಯಾಕೇಜಿನ ಹೆಸರು ‘ಲಿಬ್‌ಫ್ಯೂಸ್2ಟಿ64’, 22.04ರಲ್ಲಾದರೆ ಬರಿಯ ‘ಲಿಬ್‌ಫ್ಯೂಸ್2’. 2038ರ ಸಮಯದ ಸಮಸ್ಯೆಯನ್ನು (32 ಬಿಟ್‌ಗಳಲ್ಲಿ ಇಡುವ ಸಮಯದ ಎಣಿಕೆ ಆ ವರ್ಷ ಮಿತಿ ಮೀರುವುದನ್ನು) ನೀಗಿಸಲು ಮಾಡಿದ ಬದಲಾವಣೆಯಿಂದ ಆ ‘ಟಿ64’ ಸೇರಿಕೊಂಡಿದೆ.

ಉತ್ತರ 2:
ದಯವಿಟ್ಟು ಒಂದು ಎಚ್ಚರಿಕೆ ವಹಿಸಿ. ಹೆಸರು ಹತ್ತಿರವಿದೆಯೆಂದು ‘ಫ್ಯೂಸ್’ ಎಂಬ ಪ್ಯಾಕೇಜನ್ನು ಹಾಕಬೇಡಿ. ಅದು ಫ್ಯೂಸ್3 ಅನ್ನು ತೆಗೆಯಲು ಹೊರಟು, ಜೊತೆಗೆ ಡೆಸ್ಕ್‌ಟಾಪಿನ ಅಗತ್ಯ ಭಾಗಗಳನ್ನೂ ಕಿತ್ತುಹಾಕಬಹುದು. ನನ್ನ ಯಂತ್ರದಲ್ಲಿ ಹಾಗೆಯೇ ಆಗಿ, ಲಾಗಿನ್ ಪರದೆಯೇ ಬಾರದಾಗಿತ್ತು. ಪ್ಯಾಕೇಜುಗಳನ್ನು ಹಾಕುವ ಸಾಧನವಾದ ಆಪ್ಟ್ ತೋರಿಸುವ ‘ತೆಗೆದುಹಾಕಲಾಗುವವು’ ಪಟ್ಟಿಯನ್ನು ಓದಿದ ಮೇಲೆಯೇ ಒಪ್ಪಿಗೆ ಕೊಡಿ.

ಪ್ರಶ್ನೆ ಕೇಳಿದವರು:
ಲಿಬ್‌ಫ್ಯೂಸ್2ಟಿ64 ಹಾಕಿದ ಕೂಡಲೇ, ಮರುಪ್ರಾರಂಭವೂ ಬೇಕಾಗದೆ, ಕಿಟಕಿ ತೆರೆದುಕೊಂಡಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.