ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಮೈಸೂರಿನ ದೃಷ್ಟಿ ಸಂಶೋಧಕಿಯ ಜೊತೆ ಪ್ರಶ್ನೋತ್ತರ (ಬರೆದವರ ಹೆಸರಿನ ಬದಲು ಅವರ ಜಾಗದ ಹೆಸರಿದೆ)

ದೇವರಾಜ ಮಾರುಕಟ್ಟೆ: ಅಂಗಡಿ ಬೋರ್ಡ್ ಕೆಂಪಗಿದ್ದರೆ ಎಲ್ಲರ ಕಣ್ಣೂ ಬೀಳುತ್ತಂತೆ, ನಿಜವಾ?

ಸಂಶೋಧಕಿ: ಕೆಂಪಿದ್ದರೆ ಸಾಲದು, ಸುತ್ತಮುತ್ತಲಿಗಿಂತ ಬೇರೆಯಾಗಿ ಕಾಣಬೇಕು. ಇಟ್ಟಿ, ಕೋಕ್, ನೀಬರ್ ಎಂಬ ಸಂಶೋಧಕರು 1998ರಲ್ಲಿ ಕೊಟ್ಟ ಕಂಪ್ಯೂಟರ್ ಮಾದರಿ ಬಣ್ಣ, ಹೊಳಪು, ಗೆರೆಗಳ ಓರೆ ಈ ಮೂರನ್ನು ಅಕ್ಕಪಕ್ಕದ ಜೊತೆ ಹೋಲಿಸಿ, ಹೆಚ್ಚು ಬೇರೆಯಾಗಿರುವ ಜಾಗಕ್ಕೆ ಹೆಚ್ಚು ಅಂಕ ಕೊಡುತ್ತದೆ. ಹೆಚ್ಚು ಅಂಕ ಬಂದ ಜಾಗಕ್ಕೆ ಗಮನ ಮೊದಲು ಹೋಗುತ್ತದೆ. ನಿಮ್ಮ ಬಣ್ಣಬಣ್ಣದ ಕುಂಕುಮದ ರಾಶಿಗಳ ನಡುವೆ ಬಿಳಿ ಬೋರ್ಡೇ ಎದ್ದು ಕಾಣಬಹುದು.

ಕುವೆಂಪುನಗರ: ಹಸಿರು ಆಗುತ್ತಾ ಮೇಡಂ?

ಸಂಶೋಧಕಿ: ಮೇಲಿನ ಉತ್ತರ ಓದಿ.

ಮಂಡ್ಯ: ಅಪ್ಪ ನಿನ್ನೆಯಿಂದ ತಟ್ಟೆಯ ಎಡಗಡೆ ಅನ್ನ ಮುಟ್ಟುತ್ತಿಲ್ಲ. ತಟ್ಟೆ ತಿರುಗಿಸಿದರೆ ತಿನ್ನುತ್ತಾರೆ. ಗಡ್ಡವನ್ನೂ ಬಲಗೆನ್ನೆಗೆ ಮಾತ್ರ ಮಾಡಿಕೊಂಡಿದ್ದಾರೆ. ಕನ್ನಡಕ ಬದಲಿಸಬೇಕಾ?

ಸಂಶೋಧಕಿ: ಕನ್ನಡಕ ಬಿಡಿ, ಈಗಲೇ ಆಸ್ಪತ್ರೆಗೆ ಹೊರಡಿ. ನಾನು ವೈದ್ಯೆ ಅಲ್ಲ. ಆದರೆ ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದಾಗ ಹೀಗೇ ಆಗಬಹುದು. ಕಣ್ಣು ಚೆನ್ನಾಗಿದ್ದರೂ ಎಡಗಡೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಮೇಲೆ ಹೇಳಿದ ಕಂಪ್ಯೂಟರ್ ಮಾದರಿಯ ಲೆಕ್ಕದಲ್ಲಿ ಎಡಗಡೆಯ ಉಪ್ಪಿನಕಾಯಿಗೆ ಎಷ್ಟೇ ಅಂಕ ಬರಲಿ, ಅವರ ನೋಟ ಅತ್ತ ಹೋಗುವುದಿಲ್ಲ. ಏನೋ ಬಿಟ್ಟುಹೋಗಿದೆ ಅಂತಲೂ ಅವರಿಗೆ ಅನಿಸದೆ ಇರಬಹುದು. ಹಠ ಅಂದುಕೊಂಡು ಬೈಯಬೇಡಿ. 108ಕ್ಕೆ ಫೋನ್ ಮಾಡಿ. ನಿನ್ನೆ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದೇ ಅದನ್ನ.

ವಿಜಯನಗರ: ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ದೀಪ ದಿಟ್ಟಿಸಲು ಹೇಳಿ. ಫಾರ್ವರ್ಡ್ ಹಾಕಿದ್ದೇನೆ.

ಸಂಶೋಧಕಿ: ಅಳಿಸಿ. ಹೊಕ್ಕುಳಿಗೆ ಹಚ್ಚಿದ ಎಣ್ಣೆ ಮಿದುಳಿನ ರಕ್ತನಾಳಕ್ಕೆ ಹೋಗುವುದಿಲ್ಲ. ಇದನ್ನು ನಂಬಿ ಯಾರಾದರೂ ಬೆಳಗಿನವರೆಗೆ ಕಾದರೆ?

ವಿಜಯನಗರ: ನಮ್ಮಜ್ಜಿಗೆ ವಾಸಿಯಾಗಿತ್ತು. ಹಿರಿಯರು ಹೇಳಿದ್ದೆಲ್ಲ ಸುಳ್ಳಾ?

ಸರಸ್ವತಿಪುರಂ: ಅಜ್ಜಿಗೆ ಏನಾಗಿತ್ತು, ಅದನ್ನ ಹೇಳಿ.

ವಿಜಯನಗರ: ನಿಮಗ್ಯಾಕೆ ಹೇಳಬೇಕು?

ಅಗ್ರಹಾರ: ಮಗ ಓದುವಾಗ ಗಮನ ನಿಲ್ಲಲ್ಲ. ಏನು ಮಾಡಲಿ?

ಸರಸ್ವತಿಪುರಂ: ವಿಜಯನಗರದವರೇ, ಗೊತ್ತಿಲ್ಲದ ಮೇಲೆ ಸುಮ್ನೆ ಇರಬೇಕು.

ವಿಜಯನಗರ: ನೀವು ಡಾಕ್ಟರಾ?

ಶ್ರೀರಂಗಪಟ್ಟಣ: ಎದುರಿಗಿದ್ದ ಬೈಕೇ ಕಾಣಲಿಲ್ಲ ಅಂತಾನೆ ಡ್ರೈವರ್. ಸುಳ್ಳು ತಾನೆ?

ಸಂಶೋಧಕಿ: ಸುಳ್ಳೇ ಆಗಬೇಕಿಲ್ಲ. ಸೈಮನ್ಸ್, ಚಾಬ್ರಿಸ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಜನರಿಗೆ ವಿಡಿಯೋ ತೋರಿಸಿ ಚೆಂಡಿನ ಪಾಸ್‌ಗಳನ್ನು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷ ಹಾಕಿದವರು ನಡೆದುಹೋದರೂ ಸುಮಾರು ಅರ್ಧದಷ್ಟು ಜನಕ್ಕೆ ಕಾಣಲಿಲ್ಲ. ಹಾಗಂತ ಡ್ರೈವರ್ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ.

ಮಂಡ್ಯ: ಆಂಬುಲೆನ್ಸ್ ಬಂತು. ಹೊರಟೆವು.

ಸಂಶೋಧಕಿ: ಸ್ಕ್ಯಾನ್ ಆದಮೇಲೆ ತಿಳಿಸಿ. ವಿಜಯನಗರದವರೇ, ಆ ಫಾರ್ವರ್ಡ್ ಇನ್ನೂ ಅಲ್ಲೇ ಇದೆ.