ಹಳೇ ಐ5 ಡೆಸ್ಕ್‌ಟಾಪ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕ್ಲಿ? (ಬಜೆಟ್ 12 ಸಾವಿರ, ಡೊಂಬಿವ್ಲಿ)

ಡೊಂಬಿವ್ಲಿ_ಚೆಂಡೆ

ನಮಸ್ಕಾರ ಎಲ್ರಿಗೂ. ನನ್ನತ್ರ ಒಂದು ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್ ಉಂಟು, 2014ರಲ್ಲಿ ಮುಂಬೈ ಲ್ಯಾಮಿಂಗ್ಟನ್ ರೋಡಲ್ಲಿ ಮಾಡಿಸಿದ್ದು. ಐ5-4460, ಎಚ್81 ಬೋರ್ಡು, 8 ಜಿಬಿ ಡಿಡಿಆರ್3, ಜಿಟಿ 730 2 ಜಿಬಿ ಕಾರ್ಡು, ವಿಂಡೋಸ್ 10. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಮೇಲ್, ಎಕ್ಸೆಲ್, ಬ್ರೌಸಿಂಗ್ ಇದಕ್ಕೆಲ್ಲ ಎಂತದೂ ತೊಂದ್ರೆ ಇಲ್ಲ.

ತೊಂದ್ರೆ ಇರೋದು ವಿಡಿಯೋದ್ದು. ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳದವ್ರು ಮುಂಬೈಗೆ ಬರ್ತಾರಲ್ಲ, ಆಟ ಎಲ್ಲ ನಾನೇ ಫೋನಲ್ಲಿ 4ಕೆ ರೆಕಾರ್ಡ್ ಮಾಡಿ ಮನೆಗೆ ಬಂದು ಕಟ್ ಮಾಡಿ ಯೂಟ್ಯೂಬಿಗೆ ಹಾಕೋದು. ಹಳೇ ಫೋನ್ ಇದ್ದಾಗ ಹೇಗೋ ನಡೀತಿತ್ತು, ಹೊಸ ಫೋನ್ ತಗೊಂಡ ಮೇಲೆ ಕ್ಲಿಪ್ ಟೈಮ್‌ಲೈನಿಗೆ ಎಳೆದ್ರೆ ಸಾಕು, ಭಾಗವತರ ಪದ ಮುಂದೆ ಹೋಗಿರ್ತದೆ, ವೇಷ ಹಿಂದೆ ಕೈ ಎತ್ತಿ ನಿಂತಿರ್ತದೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ನೋಡಿದೆ, ಅದು ಈ ಕಾರ್ಡನ್ನು ಒಪ್ಪೋದೇ ಇಲ್ಲ. ಈಗ ಶಾಟ್‌ಕಟ್‌ನಲ್ಲಿ ಕುಂಟ್ತಾ ಕುಂಟ್ತಾ ಮಾಡ್ತಿದ್ದೇನೆ. ಮತ್ತೆ ಮಗನದ್ದೂ ಒಂದು ಅರ್ಜಿ ಉಂಟು, ಜಿಟಿಎ 5 ಆಡ್ಬೇಕಂತೆ.

ಬಜೆಟ್ 12 ಸಾವಿರ, ಎಳೆದ್ರೆ 15. ಅಂಗಡಿಯವ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ತಗೊಳ್ಳಿ ಅಂತಾನೆ, ಭಾವ ಜಿಟಿಎಕ್ಸ್ 1050 ಟಿಐ ಸಾಕು ಅಂತಾನೆ, ಆಫೀಸಲ್ಲಿ ಒಬ್ರು ಹೊಸ ಆರ್‌ಎಕ್ಸ್ 6400 ತಗೊಳ್ಳಿ ಕರೆಂಟೇ ಬೇಡ ಅದಕ್ಕೆ ಅಂತಾರೆ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬ) ಕ್ಯಾಬಿನೆಟ್ ಒಟ್ಟಿಗೆ ಬಂದದ್ದು, 450 ವ್ಯಾಟ್ ಅಂತ ಬರೆದಿದೆ. ಯಾವುದು ಅಂತ ಹೇಳಿ ಮಾರ್ರೆ, ತಲೆ ಹಾಳಾಗಿದೆ.

ಥಾಣೆ_ಗೇಮರ್

ಬ್ರೋ ಕಣ್ಮುಚ್ಕೊಂಡು 580 ತಗೊಳ್ಳಿ. 8 ಜಿಬಿ ವಿರ್ಯಾಮ್ (ಕಾರ್ಡಿನದೇ ಮೆಮೊರಿ) ಆ ರೇಟಿಗೆ ಇನ್ಯಾವುದ್ರಲ್ಲೂ ಸಿಗಲ್ಲ, ಜಿಟಿಎ 5 ಝಮ್ ಅಂತ ಓಡುತ್ತೆ.

ಹಡಪ್ಸರ್_ಹುಬ್ಬಳ್ಳಿ

ಕಣ್ಮುಚ್ಕೊಂಡ ತಗೊಂಡ್ರ ಕಣ್ ತೆಗೆಯೂದ್ರಾಗ ಎಸ್‌ಎಂಪಿಎಸ್ ಹೊಗಿ ಬಿಟ್ಟಿರ್ತೈತಿ ನೋಡ್ರಿ.

ಅಣ್ಣಾರ, ಕಾರ್ಡಿನ ಹೆಸರು ಆಮ್ಯಾಲ. ಮೊದ್ಲ ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ತೆಗದು ಎಸ್‌ಎಂಪಿಎಸ್ ಮೈಮ್ಯಾಲಿನ ಸ್ಟಿಕ್ಕರ್ ಓದ್ರಿ. ದೊಡ್ಡ ಅಕ್ಷರದಾಗ 450 ಅಂತ ಐತಲ್ಲ ಅದನ್ನ ಬಿಟ್ಟುಬಿಡ್ರಿ, ಅದು ಮಾರಾಕ ಬರದಿದ್ದು. ಅದರ ಕೆಳಗ ಸಣ್ಣ ಪಟ್ಟಿ ಇರ್ತೈತಿ, +3.3, +5, +12 ಅಂತ ಮನಿ ಮಾಡಿರ್ತಾರ, ಅದ್ರಾಗ +12 ವೋಲ್ಟಿನ ಕೆಳಗ ಎಷ್ಟು ಆಂಪಿಯರ್ ಬರದಾರ ನೋಡ್ರಿ. ಅದಕ್ಕ 12ರಿಂದ ಗುಣಿಸಿದ್ರ ಬರೂದ ಖರೇ ವ್ಯಾಟು, ಯಾಕಂದ್ರ ಪ್ರೊಸೆಸರ್ ಆತು ಕಾರ್ಡ್ ಆತು ಎರಡೂ ಹೆಚ್ಚಿಗಿ ತಿನ್ನೂದು ಆ ಲೈನಿನಾಗಿಂದನ.

ಈಗ ಲೆಕ್ಕ ಹಾಕ್ರಿ. ನಿಮ್ಮ 4460 ಪ್ರೊಸೆಸರಿನ ಟಿಡಿಪಿ, ಅಂದ್ರ ಜೋರ್ ಕೆಲಸದಾಗ ತಿನ್ನೂ ಕರೆಂಟು, 84 ವ್ಯಾಟ್. ಆರ್‌ಎಕ್ಸ್ 580 ಒಂದಕ್ಕ 185. ಮದರ್‌ಬೋರ್ಡಿನ ಸ್ಲಾಟ್ ಕೊಡೂದು ಜಾಸ್ತಿ ಅಂದ್ರ 75 ವ್ಯಾಟ್, ಉಳದದ್ದು 8 ಪಿನ್ ಕೇಬಲ್ಲಿನಿಂದ ಬರಬೇಕು, ಕ್ಯಾಬಿನೆಟ್ ಜೋಡಿ ಬಂದ ಎಸ್‌ಎಂಪಿಎಸ್‌ನ್ಯಾಗ ಆ ಕೇಬಲ್ಲ ಇರಂಗಿಲ್ಲ. ಆಗ ಅಂಗಡಿಯವ್ರು ಚಿಂತಿ ಮಾಡಬ್ಯಾಡ್ರಿ ಸಾಟಾದಿಂದ 8 ಪಿನ್ ಕನ್ವರ್ಟರ್ ಕೊಡ್ತೀವಿ ಅಂತಾರ. ದಯವಿಟ್ಟು ಅದನ್ನ ಮನಿಗೆ ತರಬ್ಯಾಡ್ರಿ. ಸಾಟಾ ಪವರ್ ಕನೆಕ್ಟರಿನ್ಯಾಗ 12 ವೋಲ್ಟಿಗೆ ಇರೂದ ಮೂರು ಪಿನ್ನು, ಒಂದೊಂದಕ್ಕ ಒಂದೂವರಿ ಆಂಪಿಯರ್, ಕೂಡಿಸಿದ್ರ 54 ವ್ಯಾಟ್. 8 ಪಿನ್ ಅಂದ್ರ 150 ವ್ಯಾಟಿನ ತನಕ ಎಳೀತೈತಿ. ಪ್ಲಾಸ್ಟಿಕ್ ಕರಗಿ ಕರ್ರಗಾದ ಕನೆಕ್ಟರ್ ನಾ ಕಣ್ಣಾರೆ ನೋಡೇನಿ, ವಾಸನಿ ಮೂರು ದಿನ ಹೋಗಲಿಲ್ಲ.

ಇನ್ನೊಂದು. 2022ರ ಸೆಪ್ಟೆಂಬರ್‌ನ್ಯಾಗ ಈಥೀರಿಯಮ್ ಮೈನಿಂಗ್ (ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸೂದು) ನಿಂತ ಮ್ಯಾಲ ಪ್ಯಾಟಿಗೆ ಬಂದ 580 ಭಾಳ ಅದಾವ, ಹಗಲು ರಾತ್ರಿ ದುಡದು ಸುಸ್ತಾದವು. 580 ಅಂತನ ಹೆಸರಿಟ್ಟು 2304ರ ಬದ್ಲಿ 2048 ಶೇಡರ್ (ಕಾರ್ಡಿನ ಚಿಪ್ಪಿನೊಳಗ ಲೆಕ್ಕ ಮಾಡೂ ಸಣ್ಣ ಘಟಕ) ಇರೂ ಮಾಡೆಲ್ಲೂ ಐತಿ, ಸ್ಟಿಕ್ಕರ್ ನೋಡಿದ್ರ ಗೊತ್ತಾಗಂಗಿಲ್ಲ.

ವಾಶಿ_ಟೈಮ್‌ಲೈನ್

ಕಾರ್ಡ್ ಜಗಳ ಸ್ವಲ್ಪ ಆಮೇಲೆ ಇಟ್ಕೊಳ್ಳೋಣ. ಸರ್ ನೀವೇ ಹೇಳಿದ್ರಿ, ಹಳೇ ಫೋನ್ ಇದ್ದಾಗ ನಡೀತಿತ್ತು ಹೊಸದು ಬಂದ್ಮೇಲೆ ಕೆಟ್ಟಿತು ಅಂತ. ಕಂಪ್ಯೂಟರ್ ಅದೇ, ಬದಲಾಗಿದ್ದು ಫೈಲು. ಹೊಸ ಫೋನ್‌ಗಳು ಜಾಗ ಉಳಿಸೋಕೆ ವಿಡಿಯೋನ ಎಚ್‌ಇವಿಸಿ ಅಂದ್ರೆ ಎಚ್.265ರಲ್ಲಿ ಒತ್ತಿ ಇಡ್ತವೆ. ನಿಮ್ಮ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸ್‌ನಲ್ಲಿ ಅದನ್ನ ಬಿಡಿಸೋ ಪೂರ್ತಿ ಹಾರ್ಡ್‌ವೇರ್ ಇಲ್ಲ, ಜಿಟಿ 730ರಲ್ಲಂತೂ ಇಲ್ವೇ ಇಲ್ಲ. ಅಲ್ಲಿಗೆ ಪಾಪ ಆ ನಾಲ್ಕು ಕೋರ್‌ಗಳೇ ಒಂದೊಂದು 4ಕೆ ಫ್ರೇಮನ್ನೂ ಕೈಯಾರೆ ಬಿಡಿಸ್ಬೇಕು, ಸೆಕೆಂಡಿಗೆ 30 ಸಲ, 60ರಲ್ಲಿ ತೆಗೆದಿದ್ರೆ ಇನ್ನೂ ಡಬಲ್. ನಿಂತು ನಿಂತು ಓಡದೆ ಇನ್ನೇನು ಮಾಡುತ್ತೆ.

ದುಡ್ಡು ಬಿಚ್ಚೋ ಮುಂಚೆ ಒಂದು ಕೆಲಸ ಮಾಡಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್.265 ಅಥವಾ ಹೈ ಎಫಿಶಿಯನ್ಸಿ ಅಂತ ಏನಿದೆಯೋ ಅದನ್ನ ಆಫ್ ಮಾಡಿ ಎಚ್.264ಗೆ ಹಾಕಿ, ಐಫೋನ್ ಆದ್ರೆ ಮೋಸ್ಟ್ ಕಂಪ್ಯಾಟಿಬಲ್ ಅಂತ ಇರುತ್ತೆ. ಫೈಲ್ ದಪ್ಪ ಆಗುತ್ತೆ, ರಾತ್ರಿಯಿಡೀ ಆಟ ಅಂದ್ರೆ ಫೋನಲ್ಲಿ ಜಾಗ ನೋಡ್ಕೊಳ್ಳಿ. ಒಂದೈದು ನಿಮಿಷ ತೆಗೆದು ಟೈಮ್‌ಲೈನಿಗೆ ಹಾಕಿ ನೋಡಿ. ಈಗಾಗ್ಲೇ ತೆಗೆದಿರೋ ಫೈಲ್‌ಗಳಿಗೆ ಶಾಟ್‌ಕಟ್‌ನಲ್ಲೇ ಪ್ರಾಕ್ಸಿ ಆನ್ ಮಾಡಿ, ಅದು ಎಡಿಟಿಂಗ್‌ಗೆ ಅಂತ ಚಿಕ್ಕ ನಕಲು ಮಾಡ್ಕೊಂಡು ಕೊನೆಗೆ ಎಕ್ಸ್‌ಪೋರ್ಟ್ ಮಾತ್ರ ಅಸಲಿ ಫೈಲಿಂದ ಮಾಡುತ್ತೆ.

ಇನ್ನು ಕಾರ್ಡು. ಆರ್‌ಎಕ್ಸ್ 6400 ಕರೆಂಟ್ ತಿನ್ನೋದು 53 ವ್ಯಾಟ್ ಅನ್ನೋದು ನಿಜ, ಆದ್ರೆ ನಿಮ್ಮ ಕೆಲಸಕ್ಕೆ ಅದು ಅಷ್ಟೊಂದು ಉಲ್ಟಾ ಬೇರೆ ಯಾವುದೂ ಇಲ್ಲ. ಒಂದು, ಅದರಲ್ಲಿ ವಿಡಿಯೋ ಎನ್‌ಕೋಡರ್ರೇ ಇಲ್ಲ, ಎಕ್ಸ್‌ಪೋರ್ಟ್ ಎಲ್ಲ ಮತ್ತೆ ಪ್ರೊಸೆಸರ್ ತಲೆಗೆ. ಇನ್ನೊಂದು, ಅದಕ್ಕೆ ಬೋರ್ಡಿನ ಜೊತೆ ಡೇಟಾ ಸಾಗಿಸೋ ದಾರಿ, ಅಂದ್ರೆ ಲೇನು, ಇರೋದು ನಾಲ್ಕೇ. ಹೊಸ ಪಿಸಿಐಇ (ಕಾರ್ಡ್ ಕೂರೋ ಸ್ಲಾಟ್) 4.0 ಬೋರ್ಡಲ್ಲಿ ನಾಲ್ಕು ಲೇನ್ ಅಂದ್ರೆ ಸೆಕೆಂಡಿಗೆ ಹೆಚ್ಚೂಕಮ್ಮಿ 8 ಜಿಬಿ, ಎಚ್81 ಕೊಡೋದು 2.0, ಅಲ್ಲಿ ಅದೇ ಕಾರ್ಡಿಗೆ ಸಿಗೋದು 2 ಜಿಬಿ. 4 ಜಿಬಿ ವಿರ್ಯಾಮ್ ತುಂಬಿದ ತಕ್ಷಣ ಗೇಮ್ ಉಸಿರು ಕಟ್ಟುತ್ತೆ. ಜಿಟಿಎಕ್ಸ್ 1650ಗೆ 16 ಲೇನ್ ಇದೆ, ಅದೇ ಹಳೇ ಸ್ಲಾಟಲ್ಲೂ 8 ಜಿಬಿ ಬರುತ್ತೆ.

1050 ಟಿಐ ಒಂದು ಕಾಲಕ್ಕೆ ಒಳ್ಳೇ ಕಾರ್ಡು, ನಿಮ್ಮ ಭಾವ ತಪ್ಪು ಹೇಳಿಲ್ಲ, ಆದ್ರೆ ಎನ್ವಿಡಿಯಾ ಆ ತಲೆಮಾರಿಗೆ ಗೇಮ್ ರೆಡಿ ಡ್ರೈವರ್ 2025ರ ಅಕ್ಟೋಬರ್‌ಗೆ ನಿಲ್ಲಿಸ್ತು, ಇನ್ಮೇಲೆ 2028ರ ತನಕ ಬರೀ ಸೆಕ್ಯೂರಿಟಿ ಅಪ್‌ಡೇಟ್. ನನ್ನ ಕೇಳಿದ್ರೆ ಬಿಲ್ ಇರೋ ಸೆಕೆಂಡ್ ಹ್ಯಾಂಡ್ 1650, 75 ವ್ಯಾಟ್, ಪವರ್ ಕೇಬಲ್ ಬೇಡದ ಮಾಡೆಲ್. ಎಚ್‌ಇವಿಸಿ ಬಿಡಿಸುತ್ತೆ, ಎಕ್ಸ್‌ಪೋರ್ಟ್‌ಗೆ ಎನ್‌ಕೋಡರ್ರೂ ಇದೆ. ಬಜೆಟ್ ಎಳೆಯೋಕಾದ್ರೆ ಹೊಸ ಆರ್‌ಟಿಎಕ್ಸ್ 3050 6 ಜಿಬಿ, 70 ವ್ಯಾಟ್. ಹುಷಾರು, 3050 8 ಜಿಬಿ ಅಂತ ಬೇರೆ ಇದೆ, ಅದು 130 ವ್ಯಾಟ್, ಹೆಸರು ಒಂದೇ.

ಘಾಟ್ಕೋಪರ್_ಲೋಕಲ್

ಇಷ್ಟೆಲ್ಲ ಯಾಕೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ನಾಲ್ಕನೇ ಜನರೇಶನ್ ಐ5ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, 8ನೇದ್ರಿಂದ ಮೇಲೆ ಬೇಕು. ಆಫೀಸ್‌ಗಳಿಂದ ಬರೋ ರಿಫರ್ಬಿಶ್ಡ್ 8ನೇ ಜನರೇಶನ್ ಬ್ರ್ಯಾಂಡೆಡ್ ಪೀಸ್ ತಗೊಂಡು ಇದನ್ನ ಗುಜರಿಗೆ ಹಾಕಿ.

ಹಡಪ್ಸರ್_ಹುಬ್ಬಳ್ಳಿ

ಮಾತು ಖರೇ ಐತಿ, ಆದ್ರ ಅಲ್ಲೂ ಒಂದ್ ಹಳ್ಳ ಐತಿ. ಆ ಆಫೀಸ್ ಪೀಸಿನ್ಯಾಗ ಅರ್ಧಕ್ಕರ್ಧ ಸಪೂರ ಕ್ಯಾಬಿನೆಟ್ಟು, ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ ಬೇಕು. ಎಸ್‌ಎಂಪಿಎಸ್ ಬದ್ಲಿ ಮಾಡೂಣು ಅಂದ್ರ ಕಂಪನಿಯವ್ರು ಬೋರ್ಡಿಗೆ 24 ಪಿನ್ ಬಿಟ್ಟು ತಮ್ಮದ ಬ್ಯಾರೆ ಪ್ಲಗ್ ಇಟ್ಟಿರ್ತಾರ, ಪುಣೇದ ಟಾಪ್ಕೀರ್ ಗಲ್ಲಿ ಎಲ್ಲಾ ತಿರಗಿದ್ರೂ ಜೋಡಿ ಸಿಗಂಗಿಲ್ಲ. ಕಾರ್ಡ್ ಹೆಂಗೂ ಮುಂದಿನ ಮಷೀನಿಗೆ ತಗದು ಹಾಕಬಹುದು, ಇವತ್ತಿನ ರೊಕ್ಕ ನೀರಾಗಂಗಿಲ್ಲ.

ಡೊಂಬಿವ್ಲಿ_ಚೆಂಡೆ

ಎಲ್ರಿಗೂ ಥ್ಯಾಂಕ್ಸ್. ಫೋನಲ್ಲಿ ಎಚ್.264ಗೆ ಹಾಕಿ ಬಾಲ್ಕನಿಯಿಂದ ರಸ್ತೆಯ ವಿಡಿಯೋ ತೆಗೆದು ಹಾಕಿ ನೋಡಿದೆ, ಅರ್ಧ ರೋಗ ಅಲ್ಲೇ ಗುಣ ಆಯ್ತು ಮಾರ್ರೆ, ಒಂದು ಕ್ಲಿಪ್ ಇದ್ರೆ ಸರಾಗ ಓಡ್ತದೆ. ಎರಡು ಕ್ಯಾಮೆರಾದ್ದು ಒಟ್ಟಿಗೆ ಇಟ್ಟು ಹೆಸರಿನ ಪಟ್ಟಿ ಹಾಕಿದ್ರೆ ಮತ್ತೆ ಎಳೀತದೆ. ಹಳೇ ಎಚ್‌ಇವಿಸಿ ಫೈಲ್‌ಗಳು ರಾಶಿ ಉಂಟು, ಮಗನೂ ಬಿಡೋದಿಲ್ಲ, ಹಾಗಾಗಿ ಕಾರ್ಡ್ ಬೇಕೇ ಬೇಕು.

ಸ್ಟಿಕ್ಕರ್ ನೋಡಿದೆ, ಧೂಳು ಒರೆಸ್ಲಿಕ್ಕೇ ಒಂದು ಬಟ್ಟೆ ಹೋಯ್ತು. +12 ವೋಲ್ಟ್ 15 ಆಂಪಿಯರ್ ಅಂತ ಉಂಟು. 6 ಪಿನ್ನೂ ಇಲ್ಲ 8 ಪಿನ್ನೂ ಇಲ್ಲ. ಮತ್ತೊಂದು ಕೇಳ್ಲಿಕ್ಕುಂಟು, ನನ್ನ ಮಾನಿಟರಿಗೆ ಹಿಂದೆ ಬರೀ ವಿಜಿಎ, ಅದೇ ನೀಲಿ ಪ್ಲಗ್. ಅದಕ್ಕೆ ಎಂತ ಮಾಡೋದು?

ಹಡಪ್ಸರ್_ಹುಬ್ಬಳ್ಳಿ

12 ಇಂಟು 15, 180 ವ್ಯಾಟ್. ನೋಡ್ರಿ 450 ಎಲ್ಲಿ ಹೋತು. ಪ್ರೊಸೆಸರ್ 84, 1650ಗೆ 75, ಅಲ್ಲಿಗೇ 159, ಹಾರ್ಡ್ ಡಿಸ್ಕು ಫ್ಯಾನು ಬೋರ್ಡು ಇನ್ನೂ ಉಳದಾವ. ಕಾಗದದ ಮ್ಯಾಲ ಕೂಡ್ತೈತಿ, ಆದ್ರ 2014ರಿಂದ ಮುಂಬೈ ಹವಾದಾಗ ಕುಂತ ಕೆಪಾಸಿಟರ್ ನಂಬಿ ನಾ ಒಂದ್ ರೂಪಾಯಿನೂ ಹಾಕಂಗಿಲ್ಲ. ಮೊದ್ಲ 80 ಪ್ಲಸ್ (ಕರೆಂಟ್ ಹೆಚ್ಚು ದಂಡ ಮಾಡಂಗಿಲ್ಲ ಅನ್ನೂ ಸರ್ಟಿಫಿಕೇಟ್) ಇರೂ ಛಲೋ ಕಂಪನಿದು 450 ವ್ಯಾಟ್ ಎಸ್‌ಎಂಪಿಎಸ್ ತಗೋರಿ, ಉಳದದ್ರಾಗ ಸೆಕೆಂಡ್ ಹ್ಯಾಂಡ್ 1650. 3050 ಬಿಡ್ರಿ, ನಿಮ್ಮ ಬಜೆಟ್ಟಿಗೆ ಎರಡೂ ಆಗಂಗಿಲ್ಲ.

ವಾಶಿ_ಟೈಮ್‌ಲೈನ್

ವಿಜಿಎ ಬಗ್ಗೆ: 10 ಸೀರೀಸ್‌ನಿಂದ ಈಚೆಗೆ ಎನ್ವಿಡಿಯಾ ಕಾರ್ಡಲ್ಲಿ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲೇ ಬರಲ್ಲ. ಕೆಲವು 1650ರಲ್ಲಿ ಡಿವಿಐ ಇರುತ್ತೆ, ಹಳೇ ಕಾಲದ ಬಿಳೀ ಡಿವಿಐ ಟು ವಿಜಿಎ ಪ್ಲಗ್ ಅದಕ್ಕೆ ಸೇರೋದೇ ಇಲ್ಲ, ಪಿನ್ ಅಡ್ಡ ಬರುತ್ತೆ. ಒಳಗೆ ಚಿಪ್ ಇರೋ ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್ ತಗೊಳ್ಳಿ, ಬರೀ ಕೇಬಲ್ ಮಾತ್ರ ಇರೋದು ಕೆಲಸ ಮಾಡಲ್ಲ. ಕಾರ್ಡ್ ಕೂರಿಸಿದ್ಮೇಲೆ ಕೇಬಲ್ಲನ್ನ ಕಾರ್ಡಿಗೇ ಹಾಕಿ, ಬೋರ್ಡಿನ ಹಳೇ ಪೋರ್ಟಿಗೆ ಹಾಕಿ ಡಿಸ್ಪ್ಲೇ ಬರ್ತಿಲ್ಲ ಅಂತ ಫೋನ್ ಮಾಡೋರು ಬಹಳ ಜನ. ಬಿಚ್ಚೋ ಮುಂಚೆ ಬೋರ್ಡಿನ ಬಯಾಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಇದ್ರೆ ಮಾಡಿಬಿಡಿ, ಹಳೇ ಡ್ರೈವರನ್ನ ಸೇಫ್ ಮೋಡಲ್ಲಿ ಡಿಡಿಯು ಅನ್ನೋ ಸಾಫ್ಟ್‌ವೇರ್ ಹಾಕಿ ತೆಗೀರಿ. ಆಮೇಲೆ ಕೈಗೆ ದುಡ್ಡು ಬಂದಾಗ ಇನ್ನೊಂದು 8 ಜಿಬಿ ರ‍್ಯಾಮ್.

ಮಡಗಾಂವ್_ಕಾರವಾರ

ಸೆಕೆಂಡ್ ಹ್ಯಾಂಡ್ ಅಂದ್ರಲ್ಲ ಅದಕ್ಕೆ ಬರೀತಾ ಇದ್ದೇನೆ, ನಮ್ಮದೂ ನಿಮ್ಮದೂ ಒಂದೇ ಸಮುದ್ರದ ಗಾಳಿ. ಕಾರ್ಡ್ ಕೈಗೆ ಬಂದ ಕೂಡ್ಲೇ ಫ್ಯಾನ್ ಕಡೆ ನೋಡ್ಬೇಡಿ, ಪೋರ್ಟ್ ಇರುವ ಕಡೆಯ ತಗಡಿನ ಪಟ್ಟಿ ನೋಡಿ. ಅದರ ಅಂಚಲ್ಲಿ, ಸ್ಕ್ರೂ ತಲೆಯಲ್ಲಿ ತುಕ್ಕು ಚುಕ್ಕೆ ಇದ್ರೆ, ಫೋನಿನ ಟಾರ್ಚ್ ಹಾಕಿ ಎಚ್‌ಡಿಎಂಐ ಒಳಗೆ ಹಸಿರು ಬಣ್ಣ ಕಂಡ್ರೆ ವಾಪಸ್ ಕೊಟ್ಟು ಬನ್ನಿ. ಬೆರಳಲ್ಲಿ ಫ್ಯಾನ್ ತಿರುಗಿಸಿ, ಅಲ್ಲಾಡಿದ್ರೆ ಬೇರಿಂಗ್ ಹೋಗಿದೆ. ಆಮೇಲೆ ಅಂಗಡಿಯವನ ಟೇಬಲ್ಲಿನ ಮೇಲೇ ಹಾಕಿಸಿ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಹೆಸರು ಹೊಂದ್ತದಾ ನೋಡಿ, 1650ಗೆ 896 ಶೇಡರ್ ಇರ್ಬೇಕು, ನಕಲಿ ಬಯಾಸ್ ಹಾಕಿದ ಕಾರ್ಡಾದ್ರೆ ಅದೇ ಎಷ್ಟೋ ಸಲ ಹೆಸರಿನ ಹಿಂದೆ ಫೇಕ್ ಅಂತ ತೋರಿಸ್ತದೆ. ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷೆ ಮಾಡುವ ಸಾಫ್ಟ್‌ವೇರ್) ಒಂದು ಹತ್ತು ಹದಿನೈದು ನಿಮಿಷ ಬಿಡಿ, ಎಷ್ಟು ಅವಸರ ಮಾಡಿದ್ರೂ ಏಳ್ಬೇಡಿ, ಚಾ ಕುಡಿತಾ ಕೂತಿರಿ. ಪರದೆ ಮೇಲೆ ಬಣ್ಣದ ಚೌಕ ಹಾರಿದ್ರೆ ಅಲ್ಲಿಗೆ ಮುಗೀತು. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕಾರ್ಡಿನ ಸ್ಟಿಕ್ಕರಿಗೆ ತಾಳೆ ನೋಡಿ.

ಥಾಣೆ_ಗೇಮರ್

ಸರಿ ಗುರು ನನ್ನ 580 ಓಟು ವಾಪಸ್, ಸಾಟಾ ಕನ್ವರ್ಟರ್ ಲೆಕ್ಕ ಗೊತ್ತಿರ್ಲಿಲ್ಲ 😅 ಆದ್ರೆ 8 ಜಿಬಿ ವಿರ್ಯಾಮ್ 8 ಜಿಬಿನೇ.

ಡೊಂಬಿವ್ಲಿ_ಚೆಂಡೆ

ಹಾಗಾದ್ರೆ ಎಸ್‌ಎಂಪಿಎಸ್ ಹೊಸದು, 1650 ಸೆಕೆಂಡ್ ಹ್ಯಾಂಡ್, ಎಚ್‌ಡಿಎಂಐ ಕನ್ವರ್ಟರ್. ಭಾನುವಾರ ಗ್ರ್ಯಾಂಟ್ ರೋಡಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬರ್ತೇನೆ. ಎರಡು ಫ್ಯಾನಿಂದು ತಗೊಳ್ಳೋದಾ ಒಂದು ಫ್ಯಾನಿಂದಾ?

ಹಡಪ್ಸರ್_ಹುಬ್ಬಳ್ಳಿ

ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಬಂದ್ ಇರ್ತಾವ್ರಿ, ಶನಿವಾರ ಮುಂಜಾನೆ ಹೋಗ್ರಿ. ಒಂದ ಫ್ಯಾನಿಂದು ಸಾಕು, ಹಳೇ ಕ್ಯಾಬಿನೆಟ್ಟಿನ್ಯಾಗ ಹಾರ್ಡ್ ಡಿಸ್ಕಿನ ಪಂಜರ ಸ್ಲಾಟಿನ ಎದುರಿಗೇ ಬರ್ತೈತಿ, ಉದ್ದನ ಕಾರ್ಡ್ ಹೋಗಿ ಅದಕ್ಕ ಬಡೀತೈತಿ. ಮನಿ ಬಿಡೂ ಮೊದ್ಲ ಸ್ಕೇಲ್ ಹಿಡದು ಜಾಗ ಅಳದು ಬರಕೊಂಡ ಹೋಗ್ರಿ.